ಕೊಂಬಿನ ಗೊಬ್ಬರ, ಗಂಧಕವಿಲ್ಲದ ವೈನ್: ಅಗ್ಲಿ ಕಣಿವೆಯ ಒಂದು ದ್ರಾಕ್ಷಿ ತೋಟದಲ್ಲಿ

ಗುರುವಾರ

ಟೂಲೂಸ್ ಬಿಟ್ಟು ಒಂದು ಗಂಟೆ ಆಗುವಷ್ಟರಲ್ಲಿ ಗಾಳಿ ಶುರುವಾಯಿತು. ಕಾರನ್ನು ಪಕ್ಕಕ್ಕೆ ನೂಕುವಂಥ ಗಾಳಿ. "ಇದೇನೂ ಅಲ್ಲ ಮಾರಾಯ, ಪೆರ್ಪಿನ್ಯಾನ್ ಕಡೆ ಹೋದ ಮೇಲೆ ನೋಡು" ಅಂದರು ಭಾವ. ಅವರು ಟೂಲೂಸ್‌ನಲ್ಲಿ ವಿಮಾನದ ಕೆಲಸದಲ್ಲಿದ್ದಾರೆ. ಬೆಂಗಳೂರಿನಿಂದ ಅಲ್ಲಿಗೆ ಹೋದ ಹಲವರು ಅದೇ ಕೆಲಸದವರು. ಅಕ್ಕನಿಗೆ ರಜೆ ಸಿಗಲಿಲ್ಲ, ಹಾಗಾಗಿ ನಾವಿಬ್ಬರೇ ಹೊರಟಿದ್ದೆವು. ಭಾವನಿಗೆ ಪರಿಚಯವಿದ್ದ ಒಬ್ಬ ರೈತರು ಸ್ಪೇನ್ ಗಡಿಯ ಹತ್ತಿರ ಬಯೋಡೈನಾಮಿಕ್ ಪದ್ಧತಿಯಲ್ಲಿ (ಚಂದ್ರ, ಗ್ರಹಗಳ ಲೆಕ್ಕವನ್ನೂ ನೋಡುವ ಒಂದು ಬಗೆಯ ಸಾವಯವ ಕೃಷಿ) ದ್ರಾಕ್ಷಿ ಬೆಳೆದು, ಹೆಚ್ಚುಕಡಿಮೆ ಏನನ್ನೂ ಸೇರಿಸದ ವೈನ್ ಮಾಡುತ್ತಾರೆ. ಸೆಪ್ಟೆಂಬರ್ ಕೊನೆ, ಕೊಯ್ಲು ಮುಗಿಯುವ ಹೊತ್ತು. ನನಗೆ ವೈನಿನ ರುಚಿಗಿಂತ ಆ ತೋಟ ನೋಡುವ ಆಸೆಯೇ ಜಾಸ್ತಿ ಇತ್ತು. ಸಾಗರದ ಅಡಿಕೆ ತೋಟದಲ್ಲಿ ಬೆಳೆದವನಿಗೆ ಬಾಟಲಿಗಿಂತ ಬೇರಿನ ಕಡೆಗೇ ಕಣ್ಣು ಹೋಗುತ್ತದೆ.

ದಾರಿಯಲ್ಲಿ ನಾರ್ಬೋನ್‌ನಲ್ಲಿ ಊಟಕ್ಕೆ ನಿಂತೆವು. ಊರ ನಡುವಿನ ಚೌಕದಲ್ಲಿ ರೋಮನ್ನರ ಕಾಲದ ರಸ್ತೆಯ ಒಂದು ತುಂಡನ್ನು ಅಗೆದು ತೆರೆದಿಟ್ಟಿದ್ದಾರೆ. ಪ್ರವಾಸಿಗಳೆಲ್ಲ ಅದರ ಫೋಟೋ ತೆಗೆಯುತ್ತಿದ್ದರು. ಭಾವ ಮಾತ್ರ 1907ರ ಕಥೆ ಹೇಳತೊಡಗಿದರು. ಆ ವರ್ಷ ಈ ಸೀಮೆಯ ದ್ರಾಕ್ಷಿ ಬೆಳೆಗಾರರು ದಂಗೆ ಎದ್ದಿದ್ದರು. ವೈನಿನ ಬೆಲೆ ನೆಲ ಕಚ್ಚಿತ್ತು. ಒಂದು ಕಡೆ ಅಲ್ಜೀರಿಯಾದಿಂದ ಬರುತ್ತಿದ್ದ ಅಗ್ಗದ ವೈನ್, ಇನ್ನೊಂದು ಕಡೆ ಸಕ್ಕರೆ ನೀರು ಬೆರೆಸಿ ಮಾಡುತ್ತಿದ್ದ ಕಳ್ಳ ವೈನ್. ಅರ್ಜೆಲಿಯೇ ಎಂಬ ಹಳ್ಳಿಯಲ್ಲಿ ಕೆಫೆ ನಡೆಸುತ್ತಿದ್ದ ಮಾರ್ಸೆಲಿನ್ ಆಲ್ಬೇರ್ ಮುಂದೆ ನಿಂತರು. ಭಾನುವಾರ ಬಂದರೆ ಒಂದೊಂದು ಊರಿನಲ್ಲಿ ಮೆರವಣಿಗೆ. ಜೂನ್ 9ರಂದು ಮಾಂಪೆಲಿಯೇಯಲ್ಲಿ ಸೇರಿದ್ದು ಐದು ಲಕ್ಷಕ್ಕೂ ಮೇಲೆ. ಅದೇ ತಿಂಗಳು ನಾರ್ಬೋನ್‌ನಲ್ಲಿ ಸೈನಿಕರು ಗುಂಡು ಹಾರಿಸಿದರು, ಜನ ಸತ್ತರು. ಇಲ್ಲಿನ ಹುಡುಗರೇ ತುಂಬಿದ್ದ 17ನೇ ರೆಜಿಮೆಂಟ್, ಬಂದೂಕು ಹೊತ್ತುಕೊಂಡೇ ದಂಗೆಯವರ ಕಡೆ ನಿಂತಿತು.

ಆಗ ಅವರು ಕೂಗಿ ಕೇಳಿದ್ದೂ ನೈಸರ್ಗಿಕ ವೈನನ್ನೇ. ಅವರ ಮಟ್ಟಿಗೆ ಅದು ಸಕ್ಕರೆಯಿಂದಲ್ಲ, ದ್ರಾಕ್ಷಿಯಿಂದ ಮಾಡಿದ ವೈನ್. ಇವತ್ತು ಪ್ಯಾರಿಸ್‌ನ ಬಾರುಗಳಲ್ಲಿ ನ್ಯಾಚುರಲ್ ವೈನ್ ಒಂದು ಫ್ಯಾಷನ್. ಇಲ್ಲಿ ಅದೇ ಮಾತಿಗೆ ಜನ ಪ್ರಾಣ ಕಳೆದುಕೊಂಡಿದ್ದರು.

ಸಂಜೆ ಪೆರ್ಪಿನ್ಯಾನ್ ತಲುಪಿದಾಗ ಗಾಳಿ ಭಾವ ಹೇಳಿದ ಹಾಗೇ ಇತ್ತು. ಹೋಟೆಲ್ ಕಿಟಕಿ ರಾತ್ರಿಯಿಡೀ ಬಡಿದುಕೊಂಡಿತು.

ಶುಕ್ರವಾರ

ಏಳೂವರೆಗೆ ತೋಟದಲ್ಲಿರಬೇಕು ಎಂದಿದ್ದರು. ಪೆರ್ಪಿನ್ಯಾನ್‌ನಿಂದ ವಾಯುವ್ಯಕ್ಕೆ ಅಗ್ಲಿ ನದಿಯ ಕಣಿವೆ. ನದಿ ಎನ್ನುವುದು ಹೆಸರಿಗೆ ಮಾತ್ರ. ಸೇತುವೆಯ ಕೆಳಗೆ ಬರೀ ಬಿಳಿ ಕಲ್ಲು. ಈ ಜಿಲ್ಲೆಗೆ 2022ರಿಂದ ಬರ ಬಡಿದಿತ್ತು. 2023ರಲ್ಲಿ ಬಿದ್ದ ಮಳೆ ವಾಡಿಕೆಯ ಅರ್ಧಕ್ಕಿಂತ ಕಡಿಮೆ. ದಾರಿಯುದ್ದಕ್ಕೂ ಬುಡಸಮೇತ ಕಿತ್ತು ರಾಶಿ ಹಾಕಿದ ದ್ರಾಕ್ಷಿ ಗಿಡಗಳು ಕಾಣುತ್ತಿದ್ದವು. ಕೃಷಿ ಬಿಟ್ಟವರ ಜಮೀನಂತೆ.

ಯಜಮಾನರ ಹೆಸರು ಬರೆಯುವುದಿಲ್ಲ, ಅವರೇ ಬೇಡ ಅಂದರು. ಐವತ್ತರ ಆಸುಪಾಸಿನ ವಯಸ್ಸು. ಅಜ್ಜ, ಅಪ್ಪ ಇಬ್ಬರೂ ದ್ರಾಕ್ಷಿಯನ್ನು ಸಹಕಾರ ಸಂಘಕ್ಕೆ ತೂಕದ ಲೆಕ್ಕದಲ್ಲಿ ಕೊಡುತ್ತಿದ್ದವರು. ಇವರು ಸಂಘ ಬಿಟ್ಟು ಸ್ವಂತ ಬಾಟಲಿ ತುಂಬಲು ಶುರು ಮಾಡಿದರು. ಒಟ್ಟು ಏಳು ಹೆಕ್ಟೇರು, ಅದೂ ಗುಡ್ಡದ ಮೇಲೆ ಚೂರುಚೂರಾಗಿ ಹಂಚಿದೆ.

ತೋಟಕ್ಕೆ ಕಾಲಿಟ್ಟ ಕೂಡಲೇ ನಾನು ಹುಡುಕಿದ್ದು ಮಣ್ಣನ್ನು. ಮಣ್ಣೇ ಇಲ್ಲ! ಹಾಳೆ ಹಾಳೆಯಾಗಿ ಏಳುವ ಕಪ್ಪು ಕಲ್ಲು, ಶಿಸ್ಟ್ ಎನ್ನುತ್ತಾರೆ. ಕಾಲಿಟ್ಟರೆ ಚಟಚಟ ಎನ್ನುತ್ತದೆ. ಪದರಗಳು ಓರೆಯಾಗಿ ನಿಂತಿರುವ ಕಡೆ ಬಿರುಕಿನಲ್ಲಿ ಬೇರು ಆಳಕ್ಕೆ ಇಳಿಯುತ್ತದಂತೆ. ಬೇಸಿಗೆಯಲ್ಲಿ ಗಿಡ ಬದುಕುವುದೂ ಹಾಗೇ. ನಂದಿ ಬೆಟ್ಟದ ಸುತ್ತಮುತ್ತ ದ್ರಾಕ್ಷಿಯನ್ನು ಚಪ್ಪರಕ್ಕೆ ಹಬ್ಬಿಸಿದ್ದನ್ನು ನೋಡಿದವರಿಗೆ ಇದು ದ್ರಾಕ್ಷಿ ತೋಟ ಅಂತ ಅನಿಸುವುದೇ ಇಲ್ಲ. ಕಂಬವಿಲ್ಲ, ತಂತಿಯಿಲ್ಲ. ಮೊಣಕಾಲೆತ್ತರದ ಗಂಟುಗಂಟು ಮೋಟು, ಅದರ ತಲೆಯಿಂದ ಸುತ್ತಲೂ ಚಾಚಿದ ಕೊಂಬೆಗಳು. ಈ ಆಕಾರಕ್ಕೆ ಗೋಬ್ಲೆ ಎಂದು ಹೆಸರು. ತ್ರಾಮೊಂತಾನ್ ಎಂಬ ಇಲ್ಲಿನ ಗಾಳಿಗೆ ಮುರಿಯದೆ ನಿಲ್ಲುವುದು ಇದೊಂದೇ ಎಂದರು. ಆ ಚೂರಿನಲ್ಲಿ ಇದ್ದದ್ದು ಕರಿನ್ಯಾನ್ ಎಂಬ ತಳಿ, ಅವರ ಅಜ್ಜ ನೆಟ್ಟಿದ್ದು.

ಬೇರಿನ ಹತ್ತಿರ ಬಗ್ಗಿ ತೋರಿಸಿದರು. ಮೋಟಿನ ಕೆಳಭಾಗದಲ್ಲಿ ಒಂದು ಊತ, ಅದೇ ಕಸಿಯ ಜಾಗ. ಮೇಲಿನದು ಯುರೋಪಿನ ಗಿಡ, ಕೆಳಗಿನದು ಅಮೆರಿಕದ ಬೇರು. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಸಣ್ಣ ಹೇನು ಫ್ರಾನ್ಸಿನ ತೋಟಗಳಲ್ಲಿ ಮೊದಲು ಕಾಣಿಸಿಕೊಂಡಿದ್ದು ಇದೇ ದಕ್ಷಿಣದ ಗಾರ್ ಸೀಮೆಯಲ್ಲಿ. ಬೇರು ತಿನ್ನುತ್ತಾ ಹೋಗಿ ದೇಶದ ತೋಟಗಳನ್ನೇ ಮುಗಿಸಿತು. 1868ರಲ್ಲಿ ಮಾಂಪೆಲಿಯೇಯ ಸಸ್ಯವಿಜ್ಞಾನಿ ಪ್ಲಾಂಶೋಂ ಮತ್ತು ಜೊತೆಯವರು ಅದನ್ನು ಬೇರಿನ ಮೇಲೆ ಹಿಡಿದರು. ಆ ಹೇನಿಗೆ ಜಗ್ಗದ ಅಮೆರಿಕದ ಬೇರಿಗೇ ಕಸಿ ಕಟ್ಟಿ ಬಚಾವಾದರು. ಅಂದರೆ, ಎಷ್ಟೇ ನೈಸರ್ಗಿಕ ಅಂದರೂ ಈ ತೋಟದ ಹೆಚ್ಚುಕಡಿಮೆ ಪ್ರತಿ ಗಿಡವೂ ಮನುಷ್ಯರು ಜೋಡಿಸಿದ್ದು.

ಕತ್ತರಿ ತೆಗೆದುಕೊಂಡು ನಾನೂ ಸಾಲಿಗೆ ಇಳಿಯಲು ಹೋದೆ. ಅವರು ತಡೆದರು. ಫೋಟೋಗೆ ಎರಡು ಗೊಂಚಲು ಕತ್ತರಿಸಿ, ಅದಕ್ಕಿಂತ ಜಾಸ್ತಿ ಬೇಡ ಅಂದರು. ಸಂಬಳದ ಚೀಟಿ ಇಲ್ಲದೆ ಹೊರಗಿನವರು ಕೊಯ್ಲು ಮಾಡುತ್ತಿದ್ದರೆ ಕಾರ್ಮಿಕ ಇಲಾಖೆಯವರು ದಂಡ ಹಾಕುತ್ತಾರೆ. ಕೊಯ್ಲಿನ ಗುಂಪಿನಲ್ಲಿ ಆರೇಳು ಜನ ಇದ್ದರು. ಎಲ್ಲರೂ ಬಗ್ಗಿಯೇ ಕೆಲಸ ಮಾಡಬೇಕು, ಗಿಡವೇ ಅಷ್ಟು ಕುಳ್ಳು. ಕೊಳೆತ ಕಾಳನ್ನು ಅಲ್ಲೇ ಕತ್ತರಿಯ ತುದಿಯಿಂದ ಎಬ್ಬಿಸಿ ಬಿಸಾಡುತ್ತಿದ್ದರು. ಮದ್ದು ಹಾಕದೆ ವೈನ್ ಮಾಡುವವರಿಗೆ ಒಂದು ಹಾಳು ಗೊಂಚಲೂ ದುಬಾರಿ. ಹಣ್ಣು ಜಜ್ಜದಿರಲಿ ಅಂತ ಸಣ್ಣ ಕ್ರೇಟುಗಳು.

ಮಧ್ಯಾಹ್ನದ ಮೇಲೆ ನೆಲಮಾಳಿಗೆ. ಗೊಂಚಲುಗಳನ್ನು ಜಜ್ಜದೆ ಇಡಿಯಾಗಿ ಸಿಮೆಂಟ್ ತೊಟ್ಟಿಗೆ ಸುರಿದು ಮುಚ್ಚಳ ಹಾಕುತ್ತಾರೆ. ತೊಟ್ಟಿ ಇಂಗಾಲದ ಡೈಆಕ್ಸೈಡಿನಿಂದ ತುಂಬಿಕೊಳ್ಳುತ್ತದೆ. ಗಾಳಿಯಿಲ್ಲದ ಕಡೆ ಕಾಳಿನ ಒಳಗೇ ಹುಳಿಯುವಿಕೆ ಶುರುವಾಗುತ್ತದೆ. ಕೆಲವು ದಿನ ಬಿಟ್ಟು ಹಿಂಡಿ, ರಸ ತೆಗೆದು, ಮುಂದಿನದನ್ನು ಹಣ್ಣಿನ ಸಿಪ್ಪೆಯ ಮೇಲಿದ್ದ ಯೀಸ್ಟಿಗೇ ಬಿಡುತ್ತಾರೆ. ಪಕ್ಕದ ಇನ್ನೊಂದು ತೊಟ್ಟಿ ಖಾಲಿ ಮಾಡಬೇಕಿತ್ತು. ಯಜಮಾನರು ಮೊದಲು ಒಂದು ಮೇಣದಬತ್ತಿ ಹಚ್ಚಿ ತಂತಿಯಲ್ಲಿ ಕಟ್ಟಿ ಒಳಗೆ ಇಳಿಸಿದರು. ಅರ್ಧಕ್ಕೆ ಹೋಗುವಷ್ಟರಲ್ಲಿ ಆರಿತು. ಫ್ಯಾನ್ ಹಾಕಿ, ಕಾದು, ಮತ್ತೆ ಇಳಿಸಿದರು. ತಳ ಮುಟ್ಟಿದರೂ ಉರಿಯುತ್ತಿತ್ತು. ಆಮೇಲೇ ಹುಡುಗನೊಬ್ಬ ಸಲಿಕೆ ಹಿಡಿದು ಇಳಿದ. ಪ್ರತಿ ಕೊಯ್ಲಿನ ಕಾಲದಲ್ಲೂ ಫ್ರಾನ್ಸಿನಲ್ಲಿ ಎಲ್ಲೋ ಒಂದು ಕಡೆ ಈ ಎಚ್ಚರ ತಪ್ಪಿ ಜನ ಸಾಯುತ್ತಾರೆ ಎಂದರು, ತುಂಬಾ ಮಾಮೂಲಿ ದನಿಯಲ್ಲಿ.

ಶನಿವಾರ

ಇವತ್ತು ಕೊಯ್ಲಿಗೆ ರಜೆ. ಕೊಂಬಿನ ಕೆಲಸದ ದಿನ.

ಬಯೋಡೈನಾಮಿಕ್ ಕೃಷಿಯ ಮೂಲ 1924ರಲ್ಲಿದೆ. ರುಡಾಲ್ಫ್ ಸ್ಟೈನರ್ ಎಂಬ ಆಸ್ಟ್ರಿಯಾದ ಚಿಂತಕ ಆಗಿನ ಜರ್ಮನಿಯ ಕೋಬರ್‌ವಿಟ್ಸ್‌ನಲ್ಲಿ (ಈಗ ಅದು ಪೋಲೆಂಡ್) ರೈತರಿಗೆ ಎಂಟು ಉಪನ್ಯಾಸ ಕೊಟ್ಟರು. ತೋಟವೇ ಒಂದು ಜೀವ, ಹೊರಗಿನಿಂದ ಗೊಬ್ಬರ, ವಿಷ ತರಬಾರದು ಎನ್ನುವುದು ಒಂದು ಕಡೆ. ಗ್ರಹ, ಚಂದ್ರ, ಆಕಾಶದ ಶಕ್ತಿ ಎನ್ನುವುದು ಇನ್ನೊಂದು ಕಡೆ. ಅವರು ಸ್ವತಃ ರೈತರಾಗಿರಲಿಲ್ಲ. ಬಯೋಡೈನಾಮಿಕ್ ತೋಟಗಳಿಗೆ ಕೊಡುವ ಡೀಮೀಟರ್ ಎಂಬ ಪ್ರಮಾಣಪತ್ರ ಇವತ್ತಿಗೂ ಅವರು ಹೇಳಿದ ಗೊಬ್ಬರ, ಸಿಂಪಡಣೆಗಳ ಪಟ್ಟಿಯನ್ನೇ ಹಿಡಿದುಕೊಂಡಿದೆ. ಯಾರೋ 500, 501 ಎಂದು ನಂಬರು ಹಾಕಿಬಿಟ್ಟರು, ಅದೇ ಉಳಿದಿದೆ.

500 ಅಂದರೆ ಕೊಂಬಿನ ಗೊಬ್ಬರ. ಶೆಡ್ಡಿನ ಮುಂದೆ ಒಂದು ಬುಟ್ಟಿಯಲ್ಲಿ ಹಸುವಿನ ಕೊಂಬು, ಒಂದು ಬಕೆಟ್ಟಿನಲ್ಲಿ ಹಸಿ ಸಗಣಿ. ಎತ್ತಿನದ್ದೋ ಹೋರಿಯದ್ದೋ ಆಗದು, ಕರು ಹಾಕಿದ ಹಸುವಿನದೇ ಬೇಕು. ಅದು ಗೊತ್ತಾಗುವುದು ಕೊಂಬಿನ ಬುಡದ ಉಂಗುರಗಳಿಂದ. ಯಜಮಾನರ ಹೆಂಡತಿ ಚಮಚದಲ್ಲಿ ಸಗಣಿ ತುಂಬಿ, ಕೊಂಬನ್ನು ಕಲ್ಲಿಗೆ ತಟ್ಟಿ ಗಾಳಿ ಬಿಡಿಸಿ, ಮತ್ತೆ ತುಂಬುತ್ತಿದ್ದರು. ನಾನೂ ಕೂತೆ. ಇದಕ್ಕೆ ಕಾರ್ಮಿಕ ಇಲಾಖೆಯ ತಕರಾರು ಇರಲಿಲ್ಲವೋ, ಇವರಿಗೆ ಮರೆತಿತ್ತೋ! ಸಗಣಿ ಮುಟ್ಟಲು ನನಗೇನೂ ಸಂಕೋಚವಿಲ್ಲ ಎನ್ನುವುದು ಅವರಿಗೆ ಬಹಳ ಇಷ್ಟವಾಯಿತು. ಅಲ್ಲಿಗೆ ಬರುವ ಪ್ಯಾರಿಸ್‌ನವರು ಕೈಗವಸು ಕೇಳುತ್ತಾರಂತೆ.

ಮೊಣಕಾಲಾಳದ ಗುಂಡಿಯಲ್ಲಿ ಕೊಂಬುಗಳನ್ನು ಬಾಯಿ ಕೆಳಗೆ ಮಾಡಿ ಜೋಡಿಸಿ ಮುಚ್ಚಿದೆವು. ಬಾಯಿ ಮೇಲಿದ್ದರೆ ನೀರು ನಿಂತು ಕೊಳೆಯುತ್ತದೆ. ಚಳಿಗಾಲವೆಲ್ಲ ಅಲ್ಲೇ. ವಸಂತದಲ್ಲಿ ತೆಗೆದರೆ ಕಪ್ಪು, ಜಿಗುಟು, ವಾಸನೆಯೇ ಇಲ್ಲದ ಗೊಬ್ಬರ. ಹಿಂದಿನ ವರ್ಷದ್ದು ಒಂದು ಮಣ್ಣಿನ ಮಡಕೆಯಲ್ಲಿತ್ತು. ಮೂಸಿ ನೋಡಿದೆ, ಮೊದಲ ಮಳೆ ಬಿದ್ದ ನೆಲದ ವಾಸನೆ ಅಷ್ಟೇ. ಒಂದು ಹೆಕ್ಟೇರಿಗೆ ಇದು ಬೇಕಾಗುವುದು ನೂರು ಗ್ರಾಂ! ಸುಮಾರು ಮೂವತ್ತೈದು ಲೀಟರ್ ಬೆಚ್ಚನೆಯ ಮಳೆನೀರಿಗೆ ಹಾಕಿ ಒಂದು ಗಂಟೆ ಕಲಕಬೇಕು.

ಕಲಕುವುದನ್ನು ನೋಡಬೇಕು. ಮರದ ಪೀಪಾಯಿ, ಮೇಲಿನ ತೊಲೆಯಿಂದ ಇಳಿಬಿಟ್ಟ ಉದ್ದ ಕೋಲು, ತುದಿಗೆ ಪೊರಕೆಯಂಥ ಕಡ್ಡಿಕಟ್ಟು. ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋದರೆ ನಡುವೆ ಸುಳಿ ಬೀಳುತ್ತದೆ. ಸುಳಿ ತಳ ಮುಟ್ಟಿತು ಎನ್ನುವಾಗ ತಟ್ಟನೆ ಉಲ್ಟಾ ತಿರುಗಿಸಬೇಕು. ನೀರು ಗಲಿಬಿಲಿಯಾಗಿ ನೊರೆ ಏಳುತ್ತದೆ, ಮತ್ತೆ ಸುಳಿ ಕಟ್ಟುತ್ತದೆ. ಹತ್ತು ನಿಮಿಷಕ್ಕೆ ನನ್ನ ರಟ್ಟೆ ಸೋತಿತು. ಸಂಜೆ ಅದನ್ನು ಬಕೆಟ್ಟಿನಲ್ಲಿ ಹೊತ್ತು, ಸುಣ್ಣ ಬಳಿಯುವ ಬ್ರಷ್ಷಿನಿಂದ ನೆಲಕ್ಕೆ ದಪ್ಪ ಹನಿಯಾಗಿ ಚಿಮುಕಿಸುತ್ತಾ ಗುಡ್ಡ ಹತ್ತಿದೆವು. 501 ಇದರ ಜೋಡಿ. ಪುಡಿ ಮಾಡಿದ ಬಿಳಿ ಕ್ವಾರ್ಟ್ಸ್ ಕಲ್ಲನ್ನು ಕೊಂಬಿನಲ್ಲಿ ಬೇಸಿಗೆಯಿಡೀ ಹೂಳುವುದು, ಹೆಕ್ಟೇರಿಗೆ ಬರೀ ನಾಲ್ಕು ಗ್ರಾಂ. ಅದನ್ನು ಬೆಳಗಿನ ಜಾವ ಎಲೆಯ ಮೇಲೆ ಮಂಜಿನ ಹಾಗೆ ಸಿಂಪಡಿಸುತ್ತಾರೆ. ಇನ್ನು ಜಿಂಕೆಯ ಮೂತ್ರಕೋಶದಲ್ಲಿ ತುಂಬುವ ಹೂವು, ತಲೆಬುರುಡೆಯಲ್ಲಿ ಹೂಳುವ ಓಕ್ ತೊಗಟೆ ಎಲ್ಲ ಉಂಟು. ಮನೆಯಲ್ಲಿ ಅಮ್ಮನಿಗೆ ಫೋನಿನಲ್ಲಿ ಹೇಳುವಾಗ ಅಷ್ಟನ್ನು ಮಾತ್ರ ಬಿಟ್ಟುಬಿಟ್ಟೆ.

ಅಡುಗೆಮನೆಯ ಗೋಡೆಗೆ ಮಾರಿಯಾ ಟುನ್ ಎಂಬ ಜರ್ಮನ್ ಮಹಿಳೆ ರೂಪಿಸಿದ ಪದ್ಧತಿಯ ಕ್ಯಾಲೆಂಡರ್ ತೂಗುತ್ತಿತ್ತು. ಚಂದ್ರ ಯಾವ ರಾಶಿಯಲ್ಲಿದ್ದಾನೆ ಅನ್ನುವುದರ ಮೇಲೆ ಬೇರಿನ ದಿನ, ಎಲೆಯ ದಿನ, ಹೂವಿನ ದಿನ, ಹಣ್ಣಿನ ದಿನ. ಥೇಟ್ ನಮ್ಮ ಒಂಟಿಕೊಪ್ಪಲ್ ಪಂಚಾಂಗ. ವೈನ್ ಕುಡಿಯಲೂ ಹಣ್ಣಿನ ದಿನವೇ ಒಳ್ಳೆಯದಂತೆ.

ಇದೆಲ್ಲ ಕೆಲಸ ಮಾಡುತ್ತದಾ? ಕ್ಯಾಲಿಫೋರ್ನಿಯಾದಲ್ಲಿ ಮೆರ್ಲೋ ಎಂಬ ದ್ರಾಕ್ಷಿ ತಳಿಯ ಒಂದು ತೋಟದಲ್ಲಿ ಅರ್ಧಕ್ಕೆ ಬರೀ ಸಾವಯವ, ಅರ್ಧಕ್ಕೆ ಬಯೋಡೈನಾಮಿಕ್ ಎಂದು ಹಂಚಿ ನೋಡಿದ್ದರು. ಮೊದಲ ಆರು ವರ್ಷ ಮಣ್ಣಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ನೂರು ಗ್ರಾಂ ಗೊಬ್ಬರಕ್ಕೆ ಒಂದು ಹೆಕ್ಟೇರು ಬದಲಾಗುತ್ತದೆ ಎಂದು ನಾನಂತೂ ನಂಬುವುದಿಲ್ಲ. ಆದರೆ ಬ್ರಷ್ಷು ಹಿಡಿದು ಹೋಗುವಾಗ ಒಂದು ಗಮನಿಸಿದೆ. ಯಜಮಾನರು ಪ್ರತಿ ಗಿಡದ ಹತ್ತಿರ ನಿಲ್ಲುತ್ತಿದ್ದರು. ಒಂದರ ಎಲೆ ಮಗುಚಿ ನೋಡಿದರು, ಇನ್ನೊಂದರ ಒಣಗಿದ ಕೊಂಬೆಗೆ ದಾರ ಕಟ್ಟಿ ಗುರುತು ಮಾಡಿದರು, ಜಾರಿದ ಕಲ್ಲನ್ನು ಕಟ್ಟೆಗೆ ಸೇರಿಸಿದರು. ಟ್ರ್ಯಾಕ್ಟರಿನಲ್ಲಿ ಕೂತವರಿಗೆ ಇದು ಯಾವುದೂ ಕಾಣುವುದಿಲ್ಲ. ನನ್ನ ಲೆಕ್ಕದಲ್ಲಿ ಕೊಂಬಿನ ಗೊಬ್ಬರದ ಫಲ ಏನಿದ್ದರೂ ಅಷ್ಟೇ. ಅವರಿಗೆ ಹಾಗೇ ಹೇಳಿದೆ, ಭಾವ ಅನುವಾದ ಮಾಡಿದರು. ಅವರು ನಕ್ಕು, "ಇರಬಹುದು. ನಾನು ಹೇಗೂ ಕಲಕುತ್ತೇನೆ" ಅಂದರು.

ಶೆಡ್ಡಿನ ಮೂಲೆಯಲ್ಲಿ ಪರಿಚಯದ ಬಣ್ಣವೊಂದು ಕಂಡಿತು. ನೀಲಿ ಚೀಲ, ನೀಲಿ ಕಲೆಯ ಡ್ರಮ್ಮು. ಮೈಲುತುತ್ತ! ಸಾವಯವದಲ್ಲೂ ಬಯೋಡೈನಾಮಿಕ್‌ನಲ್ಲೂ ತಾಮ್ರಕ್ಕೆ ಅನುಮತಿ ಇದೆ, ಬೂಷ್ಟು ರೋಗಕ್ಕೆ ಅಷ್ಟು ಕೆಲಸ ಮಾಡುವ ಬೇರೆ ದಾರಿಯಿಲ್ಲ. ನಮ್ಮಲ್ಲಿ ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ಬೋರ್ಡೋ ಸೀಮೆಯ ಮೆಡಾಕ್‌ನಲ್ಲಿ ದಾರಿಹೋಕರು ಹಣ್ಣು ಕದಿಯಬಾರದೆಂದು ರಸ್ತೆ ಬದಿಯ ಗಿಡಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಆ ಗಿಡಗಳಿಗೆ ಮಾತ್ರ ರೋಗ ಬಂದಿಲ್ಲ ಎನ್ನುವುದನ್ನು ಮಿಲಾರ್ಡೇ ಎಂಬ ವಿಜ್ಞಾನಿ ಕಂಡು, 1885ರಲ್ಲಿ ಪ್ರಕಟಿಸಿದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ಮಲೆನಾಡಿನ ಅಡಿಕೆಗೆ ತಂದರು. ಇವತ್ತಿಗೂ ನಮ್ಮದು ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ.

ಇದನ್ನು ಹೇಳಿದ್ದೇ ತಡ, ಯಜಮಾನರು ಕುರ್ಚಿ ಎಳೆದುಕೊಂಡು ಕೂತರು. ಅಲ್ಲಿಂದ ಮುಂದೆ ಒಂದು ಗಂಟೆ ಇಬ್ಬರು ರೈತರ ಮಾತು. ಯುರೋಪಿನಲ್ಲಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ತಾಮ್ರ, ಅದರ ಮೇಲೆ ಹಾಕುವಂತಿಲ್ಲ. ವರ್ಷಕ್ಕೆ ಸರಾಸರಿ ನಾಲ್ಕು ಕೆಜಿ. ಮೈಲುತುತ್ತದಲ್ಲಿ ತಾಮ್ರ ಇರುವುದು ಕಾಲು ಭಾಗ, ಅಂದರೆ ನಮ್ಮ ಲೆಕ್ಕದ ನೂರು ಲೀಟರಿನ ಹದಿನಾರು ಡ್ರಮ್. ಒಣಗಾಳಿ ಬೀಸುವ ಇಲ್ಲಿ ಅದರ ಒಂದು ಪಾಲೂ ಸಾಕಾಗುತ್ತದೆ. ನಮ್ಮ ಮಳೆಗೆ? ಹೊಡೆದದ್ದಕ್ಕೆ ಲೆಕ್ಕವನ್ನೇ ಯಾರೂ ಬರೆದಿಡುವುದಿಲ್ಲ ಎಂದೆ. ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ಕೂತೇ ಇರುತ್ತದೆ, ಎರೆಹುಳಕ್ಕೆ ಒಳ್ಳೆಯದಲ್ಲ. ಅದು ಅವರಿಗೂ ಗೊತ್ತು, ನಮಗೂ ಗೊತ್ತು. ಚಂದ್ರನ ಬಗ್ಗೆ ಕೇಳಿದರೆ ಉತ್ಸಾಹದಿಂದ ಹೇಳುವವರು ಈ ವಿಷಯಕ್ಕೆ ಬಂದಾಗ ದನಿ ತಗ್ಗಿಸಿದರು.

ಭಾನುವಾರ

ಬೆಳಿಗ್ಗೆ ಕಾಲ್ಸ್ ಎಂಬ ಹಳ್ಳಿಗೆ ಹೋಗಿ ಬಂದೆವು. ಸಣ್ಣ ಊರು, ಆದರೆ ವೈನಿನವರಿಗೆ ದೊಡ್ಡ ಹೆಸರು. ಜೆರಾರ್ ಗೋಬಿ 1980ರ ದಶಕದಲ್ಲಿ ಇಲ್ಲಿ ಸ್ವಂತ ವೈನ್ ಮಾಡತೊಡಗಿ, ಮುಂದೆ ಬಯೋಡೈನಾಮಿಕ್‌ಗೆ ತಿರುಗಿದವರು. ಅವರ ನಂತರ ಎಷ್ಟೋ ಯುವಕರು ಇಲ್ಲಿ ಹಳೇ ತೋಟ ಕೊಂಡು ನೆಲೆಸಿದರು. ಭಾನುವಾರವಾದ್ದರಿಂದ ಬೀದಿಯಲ್ಲಿ ಬೆಕ್ಕು ಬಿಟ್ಟರೆ ಯಾರೂ ಇರಲಿಲ್ಲ. ಮೊರಿ ಎಂಬ ಊರಿನ ಕಡೆ ಹೋಗುವಾಗ ಇನ್ನೊಂದು ಥರದ ಕೆಲಸ ಕಂಡಿತು. ಗ್ರೆನಾಶ್ ಎಂಬ ದ್ರಾಕ್ಷಿ ತಳಿಯ ಸಿಹಿ ವೈನನ್ನು ದೊಡ್ಡ ಗಾಜಿನ ಬುರುಡೆಗಳಲ್ಲಿ ತುಂಬಿ ಬಯಲಲ್ಲಿ ಬಿಸಿಲಿಗೇ ಇಟ್ಟಿದ್ದರು. ಸ್ಪಿರಿಟ್ ಸೇರಿಸಿದ್ದರಿಂದ ಅದು ಕೆಡುವುದಿಲ್ಲ, ಬಿಸಿಲು ಬಿದ್ದಷ್ಟೂ ಪಾಕ ಬರುತ್ತದೆ.

ನಮ್ಮ ಯಜಮಾನರದ್ದು ತದ್ವಿರುದ್ಧ. ಮಾಮೂಲಿ ವೈನಿನಲ್ಲಿ ಕೆಡದಂತೆ ಗಂಧಕದ ಸಲ್ಫೈಟ್ ಹಾಕುತ್ತಾರೆ. ಯುರೋಪಿನಲ್ಲಿ ಸಾಧಾರಣ ಕೆಂಪು ವೈನಿಗೆ ಲೀಟರಿಗೆ 150 ಮಿಲಿಗ್ರಾಂವರೆಗೆ ಬಿಡುತ್ತಾರೆ, ಸಾವಯವಕ್ಕೆ 100. ಫ್ರಾನ್ಸಿನಲ್ಲಿ 2020ರಲ್ಲಿ ಬಂದ 'ವ್ಯಾಂ ಮೆಥೋದ್ ನಾತ್ಯೂರ್' ಎಂಬ ಗುರುತಿಗೆ 30ರ ಒಳಗಿರಬೇಕು. ಕೈಯಲ್ಲೇ ಕೊಯ್ದ ಸಾವಯವ ಹಣ್ಣು ಬೇಕು, ಹೊರಗಿನ ಯೀಸ್ಟ್ ಹಾಕುವಂತಿಲ್ಲ. ಬಯೋಡೈನಾಮಿಕ್ ಅನ್ನುವುದು ಮುಖ್ಯವಾಗಿ ತೋಟದ ಮಾತು, ನ್ಯಾಚುರಲ್ ಅನ್ನುವುದು ನೆಲಮಾಳಿಗೆಯ ಮಾತು. ಎರಡೂ ಒಂದೇ ಅಂದುಕೊಂಡವರು ಬಹಳ ಜನ.

ಮಧ್ಯಾಹ್ನ ಮೇಜಿನ ಮೇಲೆ ಬಾಟಲಿಗಳು ಬಂದವು. ಲೇಬಲ್ಲಿನಲ್ಲಿ ಊರಿನ ಹೆಸರಿಲ್ಲ, 'ವ್ಯಾಂ ದ ಫ್ರಾನ್ಸ್' ಎಂದಷ್ಟೇ. ಅದು ವೈನುಗಳಲ್ಲಿ ಎಲ್ಲಕ್ಕಿಂತ ಕೆಳಗಿನ ದರ್ಜೆ. ಸೀಮೆಯ ಹೆಸರು ಹಾಕಲು ಒಪ್ಪಿಗೆ ಕೊಡುವ, ರುಚಿ ನೋಡುವ ಸಮಿತಿಯವರು ಮಬ್ಬಾಗಿದೆ, ನಮ್ಮ ಸೀಮೆಯ ಮಾದರಿಯಲ್ಲ ಎಂದು ತಿರಸ್ಕರಿಸಿದ ಮೇಲೆ ಅವರು ಅರ್ಜಿ ಹಾಕುವುದನ್ನೇ ಬಿಟ್ಟಿದ್ದರು. ಮೊದಲು ಮಕಬ್ಯೂ ಎಂಬ ಬಿಳಿ. ಮಬ್ಬು ಬಣ್ಣ, ಸ್ವಲ್ಪ ಉಪ್ಪುಪ್ಪು, ಕೊನೆಗೆ ಸೋಂಪಿನ ಪರಿಮಳ. ತೋಟದಲ್ಲಿ ಕಾಡು ಸೋಂಪು ತುಂಬಾ ಇತ್ತು, ಅದರ ನೆನಪೇ ನಾಲಿಗೆಗೆ ಬಂತೋ ಏನೋ. ಕರಿನ್ಯಾನ್ ಕೆಂಪು ನನಗೆ ಬಹಳ ಹಿಡಿಸಿತು. ನೇರಳೆ ಹಣ್ಣಿನ ಒಗರು, ಹುಳಿ, ಭಾರವಿಲ್ಲ.

ಮೂರನೆಯ ಬಾಟಲಿ ಹಾಳಾಗಿತ್ತು. ಅವರೇ ಬೇಕೆಂದು ತೆರೆದದ್ದು, ನನಗೆ ತೋರಿಸಲು. ಮೂಗಿಗೆ ಏನೂ ಇಲ್ಲ. ನುಂಗಿ ಹತ್ತು ಸೆಕೆಂಡ್ ಆದ ಮೇಲೆ ಬಾಯಿಯಲ್ಲಿ ಇಲಿಬಿಲದ ವಾಸನೆ ಮೇಲೆದ್ದು ಬಂತು. ಇದನ್ನು ಇವರು 'ಸೂರಿ', ಇಲಿ ಎಂದೇ ಕರೆಯುತ್ತಾರೆ. ವೈನ್ ಹುಳಿಯಿರುವ ತನಕ ಆ ವಾಸನೆ ಅಡಗಿರುತ್ತದೆ, ಜೊಲ್ಲು ಸೇರಿ ಹುಳಿ ತಗ್ಗಿದಾಗ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಕಾರಣವಾದ ರಾಸಾಯನಿಕಗಳಲ್ಲಿ ಒಂದು, ಬಾಸ್ಮತಿಗೂ ನಮ್ಮ ಗಂಧಸಾಲೆ ಅಕ್ಕಿಗೂ ಪರಿಮಳ ಕೊಡುವಂಥದ್ದೇ! ಗಂಧಕ ಹಾಕದವರಿಗೆ ಇದು ದೊಡ್ಡ ಕಾಟ. ಆ ವರ್ಷದ ಒಂದು ತೊಟ್ಟಿ ಪೂರ್ತಿ ಹೀಗಾಗಿ, ಭಟ್ಟಿ ಇಳಿಸುವವರಿಗೆ ಮಾರಬೇಕಾಯಿತಂತೆ. ಅಂದಿನಿಂದ ಬಾಟಲಿ ತುಂಬುವಾಗ ಒಂದು ಚಿಟಿಕೆ ಸಲ್ಫೈಟ್ ಹಾಕುವುದು ರೂಢಿ, ಒಂದೇ ಒಂದು ಕರಿನ್ಯಾನ್‌ಗೆ ಬಿಟ್ಟು. ಶುದ್ಧ ನ್ಯಾಚುರಲ್ ಗಿರಾಕಿಗಳು ಬೈದರಂತೆ. "ಅವರ ತೊಟ್ಟಿ ಅಲ್ಲವಲ್ಲ" ಅಂದರು.

ಬೆಲೆಯ ಮಾತೂ ಬಂತು. ಈ ಹಳೇ ಗಿಡಗಳಿಂದ ಹೆಕ್ಟೇರಿಗೆ ಎರಡು ಸಾವಿರ ಲೀಟರ್ ಸಿಕ್ಕರೆ ಹೆಚ್ಚು, ಅಂದರೆ 2,600 ಬಾಟಲಿಯ ಆಸುಪಾಸು. ಕತ್ತರಿ, ಕಳೆ, ಕೊಯ್ಲು ಎಲ್ಲ ಕೈಯಲ್ಲೇ. ಬಾಟಲಿಗೆ ಹದಿನೆಂಟು ಯೂರೋ ದುಬಾರಿ ಅಂತ ನನಗೆ ಆಮೇಲೆ ಅನಿಸಲಿಲ್ಲ.

ಸೋಮವಾರ

ವಾಪಸು ಹೊರಡುವ ಮುಂಚೆ ಸಮುದ್ರದ ಕಡೆ ಒಂದು ಸುತ್ತು. ಕೊಲ್ಯೂರ್‌ನಲ್ಲಿ ಉಪ್ಪು ಹಾಕಿದ ಆಂಚೋವಿ ಮೀನು ಪ್ರಸಿದ್ಧ, ಭಾವ ತಿಂದರು, ನಾನು ನೋಡಿದೆ. ಬನ್ಯುಲ್ಸ್‌ನ ಗುಡ್ಡಗಳು ಸಮುದ್ರದಿಂದಲೇ ಎದ್ದ ಹಾಗಿವೆ. ತಳದಿಂದ ತುದಿಯವರೆಗೆ ಗಾರೆಯಿಲ್ಲದೆ ಪೇರಿಸಿದ ಕಲ್ಲುಕಟ್ಟೆ, ಕಟ್ಟೆಯ ಮೇಲೆ ದ್ರಾಕ್ಷಿ. ಕಟ್ಟೆಗಳ ನಡುವೆ ಓರೆಯಾಗಿ ಕೂಡುವ ಕಾಲುವೆಗಳು. ಮೇಲಿನಿಂದ ನೋಡಿದರೆ ಕೋಳಿಯ ಪಾದದ ಗುರುತು, ಕ್ಯಾಟಲನ್ ಭಾಷೆಯಲ್ಲಿ ಹೆಸರೂ ಅದೇ. ಬಿರುಮಳೆ ಬಂದಾಗ ನೀರು ಅದರಲ್ಲೇ ಇಳಿಯುತ್ತದೆ, ಕಟ್ಟೆ ಕುಸಿಯುವುದಿಲ್ಲ. ಇಲ್ಲಿಗೆ ಟ್ರ್ಯಾಕ್ಟರ್ ಬರುವುದಿಲ್ಲ, ಕೆಲವರು ಹೇಸರಗತ್ತೆ ಕಟ್ಟಿ ಉಳುತ್ತಾರೆ. ಬಹಳ ಕಟ್ಟೆಗಳು ಪಾಳು ಬಿದ್ದು ಪೊದೆ ಬೆಳೆದಿದ್ದವು. ಕೂಲಿಗೆ ಜನ ಇಲ್ಲ. ಸಾಗರದಲ್ಲೂ ಕೊನೆ ಕೊಯ್ಯುವವರಿಗೆ ಫೋನ್ ಮಾಡಿ ಮಾಡಿ ಅಪ್ಪ ಸುಸ್ತಾಗಿದ್ದಾರೆ, ಹಾಗಾಗಿ ಕಾರಣ ಬೇರೆ ಕೇಳಲಿಲ್ಲ.

ಬೆಂಗಳೂರಿಗೆ ವಿಮಾನದಲ್ಲಿ ಸುಂಕವಿಲ್ಲದೆ ಎರಡು ಲೀಟರ್ ತರಬಹುದು. ಸಲ್ಫೈಟ್ ಹಾಕಿದ ಎರಡು ಬಾಟಲಿ ನನ್ನ ಚೀಲಕ್ಕೆ. ಏನೂ ಹಾಕದ ಆ ಕರಿನ್ಯಾನ್ ಮಾತ್ರ ಹದಿನಾಲ್ಕು ಡಿಗ್ರಿಗಿಂತ ತಣ್ಣಗೆ ಇರಬೇಕು ಎಂದಿದ್ದರು. ಏಪ್ರಿಲ್ ತಿಂಗಳ ನಮ್ಮ ಬಾಡಿಗೆ ಮನೆಯಲ್ಲಿ ಅದು ಹೇಗೆ ಸಾಧ್ಯ? ಅದನ್ನು ಟೂಲೂಸ್‌ನಲ್ಲಿ ಅಕ್ಕನ ಫ್ರಿಜ್ಜಿನಲ್ಲಿ ಬಿಟ್ಟು ಬಂದೆ. ಅಕ್ಕ ಇನ್ನೂ ತೆರೆದಿಲ್ಲ. ಭಾವ ಮೊಬೈಲಿನಲ್ಲಿ ಕ್ಯಾಲೆಂಡರ್ ಹಾಕಿಕೊಂಡಿದ್ದಾರಂತೆ, ಹಣ್ಣಿನ ದಿನ ಬಂದಾಗಲೆಲ್ಲ ಅವರಿಗೆ ಆಫೀಸಿನಲ್ಲಿ ಲೇಟಾಗುತ್ತದಂತೆ.